ಕಬ್ಬನ್ ಎಂಬ ಹೆಸರು ಹುಟ್ಟಿದ ದ್ವೀಪ

ಐಲ್ ಆಫ್ ಮ್ಯಾನ್‌ಗೆ ಬಂದವರೆಲ್ಲ ಲ್ಯಾಕ್ಸಿಯ ದೈತ್ಯ ನೀರಿನ ಚಕ್ರವನ್ನು ಹೊಗಳುತ್ತಾರೆ. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಐರಿಷ್ ಸಮುದ್ರದ ನಡುವಿನ ಈ ಪುಟ್ಟ ದ್ವೀಪಕ್ಕೆ ನನ್ನನ್ನು ಎಳೆತಂದದ್ದು ಒಂದು ಕುಲನಾಮ.

ಡಗ್ಲಸ್‌ನಿಂದ ರ‍್ಯಾಮ್ಸಿ ಕಡೆಗೆ ಹೋಗುವ ಹಳೆಯ ವಿದ್ಯುತ್ ಟ್ರಾಮಿನಲ್ಲಿ ಹೊರಟು, ಬ್ಯಾಲಜೋರಾದಲ್ಲಿ ಇಳಿದು ಮ್ಯಾಕಲ್ಡ್ ಊರಿಗೆ ನಡೆದೆ. ಮಾರ್ಕ್ ಕಬ್ಬನ್ ಈ ಊರಿನ ಪಾದ್ರಿಯ ಮಗ, ಹುಟ್ಟಿದ್ದು 1775ರಲ್ಲಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಮನೆಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಅವರ ದೇಹವನ್ನು ಇಲ್ಲಿಗೇ ತಂದು ಮಣ್ಣು ಮಾಡಿದರು.

ಚರ್ಚಿನ ಅಂಗಳದ ಒಂದು ಚಾವಣಿಯಡಿ ನಲವತ್ತಕ್ಕೂ ಹೆಚ್ಚು ಪುರಾತನ ಶಿಲುಬೆಗಲ್ಲುಗಳಿವೆ. ನಮ್ಮ ವೀರಗಲ್ಲುಗಳನ್ನು ನೋಡಿ ಬೆಳೆದವರಿಗೆ ಅಲ್ಲಿಂದ ಕಾಲು ಕೀಳುವುದು ಕಷ್ಟ. ಪಕ್ಕದ ಸಮಾಧಿಯೊಂದಕ್ಕೆ ಹೂವಿಡುತ್ತಿದ್ದ ವೃದ್ಧೆ, ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ.

"ಹಾಗಾದರೆ ಮೊದಲು ಈ ಸಮಾಧಿಕಲ್ಲುಗಳ ಮೇಲಿನ ಹೆಸರುಗಳನ್ನು ಓದಿಕೊಂಡು ಬನ್ನಿ" ಎಂದರು.

ಓದಿದೆ. ಕೆರೂಯಿಷ್, ಕಾರ್ಲೆಟ್, ಕಾರ್ಕಿಲ್, ಕ್ವೇಲ್. ಎಲ್ಲಕ್ಕೂ ಆರಂಭ ಕಕಾರವೇ! ಅವರು ಬಿಡಿಸಿ ಹೇಳಿದರು: ಈ ಭಾಗದ ಹಳೆಯ ನುಡಿಯಾದ ಗೇಲಿಕ್‌ನಲ್ಲಿ 'ಮ್ಯಾಕ್' ಎಂದರೆ ಮಗ. ಸ್ಕಾಟ್ಲೆಂಡಿನ ಹೆಸರುಗಳಲ್ಲಿ ಅದು ಇಡಿಯಾಗಿ ಉಳಿಯಿತು. ಈ ದ್ವೀಪದಲ್ಲಿ ಬಾಯಿಂದ ಬಾಯಿಗೆ ಸವೆದು, ಕೊನೆಯ ಕಕಾರ ಮಾತ್ರ ತಂದೆಯ ಹೆಸರಿಗೆ ಅಂಟಿಕೊಂಡಿತು. ಗಿಲ್ಬರ್ಟ್‌ನ ಮುದ್ದಿನ ರೂಪ ಗಿಬ್ಬನ್. ಮ್ಯಾಕ್ ಗಿಬ್ಬನ್ ಸವೆದು ಕಬ್ಬನ್. ವೈಕಿಂಗರ ಥಾರ್‌ಕೆಟಿಲ್‌ಗೂ ಇದೇ ಗತಿಯಾಗಿ ಕಾರ್ಕಿಲ್.

"ನಿಮ್ಮಲ್ಲಿ ಅವರ ನೆನಪಿದೆಯೇ?" ಎಂದು ಕೇಳಿದರು. ಉದ್ಯಾನ, ರಸ್ತೆ, ಪೇಟೆ, ಮೆಟ್ರೊ ನಿಲ್ದಾಣ ಎಲ್ಲವನ್ನೂ ಹೇಳಿದೆ. ಅವರ ಕಾಲದಲ್ಲಿ ತಾಲ್ಲೂಕು ಮಟ್ಟದ ಆಡಳಿತ ಕನ್ನಡದಲ್ಲಿ ನಡೆಯಿತೆಂದಾಗ ವೃದ್ಧೆಯ ಮುಖ ಬದಲಾಯಿತು. "ನನ್ನ ಅಜ್ಜಿಗೆ ನಮ್ಮ ದ್ವೀಪದ ಗೇಲಿಕ್, ಅಂದರೆ ಮ್ಯಾಂಕ್ಸ್ ಭಾಷೆ ಬರುತ್ತಿತ್ತು. ಮಕ್ಕಳೊಂದಿಗೆ ಒಂದು ಮಾತೂ ಅದರಲ್ಲಿ ಆಡಲಿಲ್ಲ" ಎಂದರು.

ಪರಕೀಯರ ಆಳ್ವಿಕೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಕಬ್ಬನ್ ಹುಟ್ಟಿದ ಕಾಲಕ್ಕೆ ಇಲ್ಲಿನ ಪಾದ್ರಿಗಳು ಬೈಬಲನ್ನು ಮ್ಯಾಂಕ್ಸ್‌ಗೆ ತರುತ್ತಿದ್ದರು. ಜನರೊಂದಿಗೆ ಅವರ ಭಾಷೆಯಲ್ಲೇ ಮಾತಾಡಬೇಕೆಂಬ ಅರಿವಿನ ನಡುವೆಯೇ ಆ ಹುಡುಗ ಬೆಳೆದಿರಬೇಕು ಎಂದು ನನಗೆ ಬಲವಾಗಿ ಅನ್ನಿಸಿತು. ಮ್ಯಾಂಕ್ಸ್ ಮನೆಮಾತಾಗಿದ್ದ ಕೊನೆಯ ವ್ಯಕ್ತಿ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಈಗ ಸೇಂಟ್ ಜಾನ್ಸ್‌ನ ಒಂದು ಪ್ರಾಥಮಿಕ ಶಾಲೆ ಮ್ಯಾಂಕ್ಸ್‌ನಲ್ಲೇ ಕಲಿಸುತ್ತದೆ. ಆ ವೃದ್ಧೆಯ ಮರಿಮೊಮ್ಮಗಳು ಅಲ್ಲೇ ಓದುತ್ತಾಳಂತೆ. ಅದನ್ನು ಹೇಳುವಾಗ ಅವರ ದನಿ ಏರಿತು.

ಹೋಗುವವರಿಗೆ ಎರಡು ಮಾತು. ದ್ವೀಪ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದ್ದಲ್ಲ. ಲಂಡನ್ನಿನಲ್ಲಿ ಕೊಂಡ ಸಿಮ್‌ಗೆ ಇಲ್ಲಿ ಬೇರೆ ದರ ಬೀಳಬಹುದು, ಸಿಮ್‌ಗೆ ಹಾಕಿಸಿದ್ದ ನನ್ನ ಹಣವೆಲ್ಲ ಒಂದೇ ಸಂಜೆಯಲ್ಲಿ ಕರಗಿತು. ಇಲ್ಲಿನ ಪೌಂಡ್ ನೋಟುಗಳನ್ನು ಲಿವರ್‌ಪೂಲ್‌ನ ಹೋಟೆಲಿನವರು ಮುಟ್ಟಲೂ ಒಪ್ಪಲಿಲ್ಲ. ಹಡಗು ಹತ್ತುವ ಮೊದಲೇ ಡಗ್ಲಸ್‌ನ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಿ.