ಜೊಳ್ಳು ಬಂದ ವರ್ಷದ ಸುಗ್ಗಿ ಹಬ್ಬ

ರಾಶಿ ಚಲೋ ಬಂದ ವರ್ಷ ಚರ್ಚಿನ ಸುಗ್ಗಿ ಹಬ್ಬ ಮಾಡುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಬಾಗಿಲಿಗೆ ಕಬ್ಬಿನ ಗಳ ಕಟ್ಟಿ, ವೇದಿಯ ಮುಂದೆ ಗೋವಿನಜೋಳ, ಶೇಂಗಾ, ಉಳ್ಳಾಗಡ್ಡಿ, ಮೆಣಸಿನಕಾಯಿ ಒಟ್ಟಿದರೆ ಹಬ್ಬ ತಾನಾಗಿಯೇ ಆಗುತ್ತದೆ. ತೊಡಕು ಬರುವುದು ಇನ್ನೊಂದು ನಮೂನೆಯ ವರ್ಷದಲ್ಲಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ನರಗುಂದ, ರೋಣದ ಹೊಲಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಎಂದಾಯಿತು. ಅಂಥ ವರ್ಷ ಹಬ್ಬ ಕೈಬಿಡೋಣ ಎನ್ನುವವರು ಇರುತ್ತಾರೆ. ಬಿಡಬಾರದು. ಹಾಗಂತ ಹೋದ ವರ್ಷದ ಹಬ್ಬವನ್ನೇ ತಂದು ಮತ್ತೆ ಮಾಡಿದರೆ ನೊಂದವರ ಹೊಟ್ಟೆಗೆ ಇನ್ನಷ್ಟು ಬೆಂಕಿ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಅಲ್ಲಿ ಹುಟ್ಟಿದ ಕ್ರೈಸ್ತ ಸಭೆಗಳು 1876-78ರ ದೊಡ್ಡ ಬರವನ್ನೂ ದಾಟಿ ಬಂದಿವೆ. ಬರಗಾಲದ ಪ್ರಾರ್ಥನೆ ಈ ಸೀಮೆಗೆ ಹೊಸದಲ್ಲ. ಅದನ್ನು ಬಾಯಿಬಿಟ್ಟು ಮಾಡುವ ರೂಢಿ ಮಾತ್ರ ಕಡಿಮೆಯಾಗಿದೆ.

ಪ್ರಥಮ ಫಲದ ಬುಟ್ಟಿಯ ವಿಧಿ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿದೆ. ಬುಟ್ಟಿ ತಂದವನು ಬೆಳೆಯ ಮಾತನ್ನು ಮೊದಲು ಎತ್ತುವುದೇ ಇಲ್ಲ. ತನ್ನ ಮೂಲಪುರುಷ ನೆಲೆಯಿಲ್ಲದೆ ಅಲೆದವನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಬಿಟ್ಟಿ ದುಡಿಸಿಕೊಂಡರು, ಕೂಗಿಕೊಂಡೆವು, ದೇವರು ಕೇಳಿದನು ಎಂದು ಶುರುಮಾಡುತ್ತಾನೆ. ಭೂಮಿಯ ಫಲದ ಮಾತು ಕೊನೆಗೆ, 10ನೇ ವಚನದಲ್ಲಿ ಬರುತ್ತದೆ. ಅಂದರೆ ಕಷ್ಟ ಹೇಳಿಕೊಳ್ಳುವುದು ಹಬ್ಬಕ್ಕೆ ಭಂಗವಲ್ಲ, ಹಬ್ಬದ ಮೊದಲ ಅರ್ಧವೇ ಅದು. ಬರದ ವರ್ಷ ಈ ಭಾಗವನ್ನೇ ಓದಿಸಿ, 5ರಿಂದ 10ರವರೆಗೆ, ಸಾವಕಾಶವಾಗಿ.

ಇನ್ನೊಂದು ಪಾಠ ಪ್ರವಾದಿ ಹಬಕ್ಕೂಕನ ಪುಸ್ತಕದ 3:17-18. ಇದನ್ನು ಗೋಡೆಗೆ ತೂಗುಹಾಕುವ ವಾಕ್ಯ ಮಾಡಿಬಿಟ್ಟಿದ್ದೇವೆ. ರೈತನ ಕಣ್ಣಿನಿಂದ ಓದಿದರೆ ಅದರ ಕ್ರಮವೇ ಬೇರೆ. ಅಂಜೂರ ಹೋಯಿತು, ದ್ರಾಕ್ಷಿ ಹೋಯಿತು: ಇವು ಮೇಲುಗಳಿಕೆ. ಎಣ್ಣೆಮರ ಹೋಯಿತು: ದೀಪಕ್ಕೂ ಒಗ್ಗರಣೆಗೂ ಕುತ್ತು. ಹೊಲ ಹೋಯಿತು: ವರ್ಷದ ರೊಟ್ಟಿ ಹೋಯಿತು. ಹಟ್ಟಿಯ ಕುರಿ ಹೋದವು: ಆಪತ್ತಿಗೆ ಮಾರುವ ರೊಕ್ಕ ಹೋಯಿತು. ಕೊನೆಗೆ ಕೊಟ್ಟಿಗೆಯ ದನವೂ ಇಲ್ಲ, ಅಂದರೆ ಮುಂದಿನ ಬಿತ್ತನೆಯೂ ಇಲ್ಲ. ಎತ್ತು ಮಾರಿ ಬಂದವನಿಗೆ ಈ ಕಡೆಯ ಸಾಲಿಗೆ ವ್ಯಾಖ್ಯಾನ ಬೇಕಾಗದು. ಪ್ರವಾದಿ ಇಷ್ಟೂ ಲೆಕ್ಕ ಹೇಳಿ ಮುಗಿಸಿದ ಮೇಲೆಯೇ "ಆದರೂ ದೇವರಲ್ಲಿ ಸಂತೋಷಪಡುವೆನು" ಅನ್ನುವುದು. ಆ ಲೆಕ್ಕ ಬಿಟ್ಟು 18ನೇ ವಚನವನ್ನಷ್ಟೇ ಹಾಡಿಸಿದರೆ ಅದು ಬರೀ ಬಾಯಿಮಾತಿನ ಸಂತೋಷ. ಇದೇ ಪುಸ್ತಕ "ಎಷ್ಟುಕಾಲ ಮೊರೆಯಿಡಲಿ, ನೀನು ಕೇಳುತ್ತಿಲ್ಲವಲ್ಲ" ಎಂಬ ದೂರಿನಿಂದ ಶುರುವಾಗುತ್ತದೆ ಅನ್ನುವುದೂ ನೆನಪಿರಲಿ.

ಇನ್ನು ಕಾಣಿಕೆ. ಬೆಳೆ ಬರದವರು ಹಬ್ಬದ ದಿನ ಮನೆಯಲ್ಲೇ ಉಳಿಯುವುದಕ್ಕೆ ಕಾರಣ ಅಪನಂಬಿಕೆಯಲ್ಲ, ಬರಿಗೈ ನಾಚಿಕೆ. ಅದಕ್ಕೇ ಎರಡು ವಾರ ಮೊದಲೇ ಸಭೆಯಲ್ಲಿ ತಿಳಿಸಬೇಕು: ಬಂದದ್ದನ್ನೇ ತರ್ರಿ, ಜೊಳ್ಳಾದರೂ ಸರಿ. ಕಾಳು ಕಟ್ಟದ ಐದಾರು ಜೋಳದ ತೆನೆಯನ್ನು ಸೂಡು ಕಟ್ಟಿ ತರಬಹುದು. ಹಳದಿ ರೋಗ ಬಿದ್ದ ಹೆಸರಿನ ಗಿಡವನ್ನು ಬೇರುಸಮೇತ ತರಬಹುದು. ಬಿತ್ತಲಾಗದೆ ಉಳಿದ ಬೀಜವಿದ್ದರೆ ಒಂದು ಹಿಡಿ ಸಾಕು. ಆದರೆ ಬೀಜೋಪಚಾರದ ಔಷಧಿ ಸವರಿದ ಬೀಜವನ್ನು ಚೀಟಿ ಅಂಟಿಸಿ ಬೇರೆ ಇಡಬೇಕು, ಯಾರೂ ಬೇಳೆಯೆಂದು ಕುದಿಸಬಾರದು. ಸಾಲ ಮಾಡಿ ಕಾಣಿಕೆ ತರುವುದನ್ನು ಹಿರಿಯರು ನಿಂತು ತಡೆಯಬೇಕು. ಇದ್ದುದರ ಮೇಲೆ ಕೊಟ್ಟದ್ದು ಮೆಚ್ಚಿಕೆ, ಇಲ್ಲದ್ದರ ಮೇಲಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ (2 ಕೊರಿಂಥ 8:12).

ಕಾಣಿಕೆಗೆ ಬಂದ, ಮಳೆ ತಿಂದ ಉಳ್ಳಾಗಡ್ಡಿಯನ್ನು ಚೀಲದಲ್ಲಿ ಬಿಗಿದಿಟ್ಟರೆ ಒಂದರ ಕೊಳೆ ಎಲ್ಲಕ್ಕೂ ಹತ್ತುತ್ತದೆ. ಚಾಪೆ ಮೇಲೆ ಹರವಿ, ಗಾಳಿಯಾಡುವ ಕಡೆ ಇಡಿ.

ಆರಾಧನೆ ಮುಗಿದ ಮೇಲಿನ ಕಾಣಿಕೆಗಳ ಹರಾಜು ಹೆಚ್ಚು ಕೆಡುವ ಜಾಗ. ಉಳ್ಳವರು ಒಂದು ಕುಂಬಳಕಾಯಿಗೆ ಸಾವಿರ ಕೂಗುತ್ತಾರೆ, ಚಪ್ಪಾಳೆ ಬೀಳುತ್ತದೆ, ಸೊಸೈಟಿ ಸಾಲ ಕಟ್ಟಲಾಗದವನು ಗೋಡೆಗೆ ಆತು ನಿಂತಿರುತ್ತಾನೆ. ಅಂಥ ವರ್ಷ ಹೆಸರು ಕೂಗುವುದನ್ನು ಬಿಟ್ಟರೆ ಅರ್ಧ ನೋವು ತಪ್ಪುತ್ತದೆ. ಕಾಳು ಹರಾಜಿಗೆ ಹೋಗುವ ಮುಂಚೆಯೇ ಬೇಕಾದ ಮನೆಗಳಿಗೆ ಪಾಲು ತೆಗೆದಿಡಬೇಕು. ಯಾಜಕಕಾಂಡ 19:9 ಹೊಲದ ಅಂಚನ್ನು ಕೊಯ್ಯಬೇಡ, ಕೊಯ್ಯುವಾಗ ಉದುರಿದ ಹಕ್ಕಲನ್ನು ಬಡವರಿಗೆ ಬಿಡು ಅನ್ನುತ್ತದಲ್ಲ, ಇದೂ ಹಾಗೇ. ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದಾಗ ಅವಳನ್ನು ಗದರಿಸದೆ ಸಿವುಡಿನಿಂದ ತೆನೆ ಎಳೆದು ಹಾಕಿರೆಂದು ಅವನು ಆಳುಗಳಿಗೆ ಹೇಳಿದ್ದ. ಕೊಡುವ ಬಗೆ ಅದು: ಕತ್ತಲಾದ ಮೇಲೆ, ಹಿತ್ತಲ ಬಾಗಿಲಿಗೆ, ಫೋಟೋ ಇಲ್ಲದೆ.

ಪ್ರಾರ್ಥನೆಗೆ ಕೀರ್ತನೆ 13 ಸಾಕು. ಆರೇ ವಚನ. ಮೊದಲ ಎರಡರಲ್ಲಿ ದೂರು, "ಎಷ್ಟರವರೆಗೆ" ಎಂಬ ಕೇಳಿಕೆ ನಾಲ್ಕು ಸಲ. 3, 4ರಲ್ಲಿ ಬೇಡಿಕೆ. 5, 6ರಲ್ಲಿ ಭರವಸೆ. ಪ್ರಾರ್ಥಿಸುವವರು ಮಾಡುವ ತಪ್ಪು ಒಂದೇ: ದೂರನ್ನು ಉಸಿರು ಬಿಡದೆ ಓದಿ 5ಕ್ಕೆ ಹಾರುವುದು. ದೂರಿನಲ್ಲಿ "ನಮ್ಮ ಕಷ್ಟ" ಎಂದು ಮುಗಿಸದೆ ಬಿತ್ತಿದ ಎಕರೆ, ಸುಟ್ಟುಹೋದ ಪೈರು, ಬ್ಯಾಂಕಿನ ಕಂತು ಎಲ್ಲವನ್ನೂ ಹೆಸರಿಟ್ಟು ಹೇಳಲಿ. 4 ಮುಗಿದ ಮೇಲೆ ಒಂದು ನಿಮಿಷ ಸುಮ್ಮನಿರಬೇಕು. 4, 5ನೇ ವಚನಗಳ ನಡುವೆ ಏನು ಬದಲಾಯಿತೆಂದು ದಾವೀದನ ಕೀರ್ತನೆ ಹೇಳುವುದಿಲ್ಲ, ನಾವೂ ಹೇಳಹೋಗಬಾರದು. ಇನ್ನೂ 5ಕ್ಕೆ ಬರಲಾಗದವರಿಗೆ ಕೀರ್ತನೆ 88 ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದನ್ನು ಯಾರೂ ಬೈಬಲಿನಿಂದ ಕಿತ್ತುಹಾಕಿಲ್ಲ.

ನೊಂದವರ ಮನೆಗೆ ಹೋಗಿ ಕೂಡುವವರಿಗೆ, ಎಲ್ಲ ಕಳೆದುಕೊಂಡ ಯೋಬನ ಗೆಳೆಯರೇ ಪಾಠ. ಏಳು ಹಗಲು ಏಳು ರಾತ್ರಿ ಬಾಯಿ ತೆರೆಯದೆ ನೆಲದ ಮೇಲೆ ಕೂತರು, ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಮಾತಾಡಿದ ಮೇಲೆ ಕೆಟ್ಟಿತು, ಕಡೆಗೆ ದೇವರ ಸಿಟ್ಟು ಅವರ ಮೇಲೆಯೇ ತಿರುಗಿತು (42:7). "ದೇವರು ನಿಮ್ಮನ್ನ ಪರೀಕ್ಷಾ ಮಾಡಾಕತ್ತಾನ್ರಿ" ಎಂಬ ಮಾತು ಬೇಡ. "ದನಕ್ಕ ಮೇವು ಎಷ್ಟ ದಿನದ್ದೈತಿ?" ಎಂದು ಕೇಳಿದರೆ ಸಾಕು, ಉತ್ತರ ಬಂದ ಮೇಲೆ ಬಣವಿ ಇದ್ದವರಿಗೆ ಒಂದು ಫೋನು ಮಾಡಬಹುದು.

ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂಡುವುದೆಂದು ತಿಳಿದವರೂ ಇದ್ದಾರೆ. ಫಸಲ್ ಬಿಮಾ (ಬೆಳೆ ವಿಮೆ) ಮಾಡಿಸಿದ ಹೊಲದಲ್ಲಿ ನೀರು ನಿಂತರೆ, ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ಬಿಮಾ ಕಂಪನಿಗೆ ತಿಳಿಸಬೇಕು. ಶನಿವಾರ ಹೊಲ ಮುಳುಗಿದರೆ ರವಿವಾರದ ಆರಾಧನೆಗೆ ಹೋಗುವ ಮುಂಚೆಯೇ ಆ ಕರೆ ಮಾಡಿ, ಸರ್ವೆ ನಂಬರು, ಬೆಳೆ, ಹಾನಿಯಾದ ದಿನ ಬರೆದಿಟ್ಟುಕೊಂಡಿರಲಿ. ದೇವರು ಕಾಯುತ್ತಾನೆ, ಬಿಮಾ ಗಡುವು ಕಾಯುವುದಿಲ್ಲ.

ಸೋಮವಾರ ವೇದಿಯ ಮುಂದಿನದನ್ನು ತೆಗೆಯುವಾಗ ಜೊಳ್ಳು ತೆನೆಯನ್ನು ಕಸದೊಂದಿಗೆ ಗುಡಿಸಬೇಡಿ. ಬೂಸ್ಟು ಹಿಡಿದಿದ್ದರೆ ತಿಪ್ಪೆಗೆ, ಒಣಗಿ ಚೊಕ್ಕಟವಿದ್ದರೆ ಸೂಡು ಹಾಗೇ ಕಟ್ಟಿ, ತಂದವರ ದನಕ್ಕೆ ತಿರುಗಿ ಕೊಟ್ಟುಬನ್ನಿ.