ಹಾಲಿನ ಲೆಕ್ಕದ ಕೆಳಗೆ ಬರೆದ ತಾರೀಕು

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಚೀಟಿ ದುಡ್ಡು ಕಟ್ಟುವ ದಿನ ಎಲ್ಲ ಬರೆದಿಡುವುದು ನನ್ನ ರೂಢಿ. ಎರಡು ವರ್ಷದ ಹಿಂದೆ ಫೆಬ್ರವರಿ 3ರ ಚೌಕದಲ್ಲಿ ‘ಅರ್ಧ ಲೀಟರ್ ಜಾಸ್ತಿ’ ಅನ್ನುವುದರ ಕೆಳಗೆ ‘ಪುಟ್ಟಿ ಮಾತ್ರೆ ಶುರು’ ಎಂದು ಬರೆದಿದ್ದೆ.

ಪುಟ್ಟಿಗೆ ಆಗ ಎಂಟು ವರ್ಷ. ಜನವರಿಯಲ್ಲಿ ನಿದ್ದೆಯಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ಇಇಜಿ, ಸ್ಕ್ಯಾನ್ ಆದಮೇಲೆ ಡಾಕ್ಟರು ಕಾರ್ಬಮಜೆಪಿನ್ ಅನ್ನುವ ಫಿಟ್ಸ್ ಮಾತ್ರೆ ಬರೆದುಕೊಟ್ಟರು. ‘ಒಂದು ಹೊತ್ತೂ ತಪ್ಪಿಸಬೇಡಿ, ತಪ್ಪಿದರೆ ಮತ್ತೆ ಫಿಟ್ಸ್ ಬರುತ್ತೆ’ ಎಂದರು. ಮೈಮೇಲೆ ದದ್ದೆದ್ದರೆ ಏನು ಮಾಡಬೇಕು ಅಂತ ಅವರು ಹೇಳಲಿಲ್ಲ, ನನಗೂ ಕೇಳಲು ತೋಚಲಿಲ್ಲ.

26ನೇ ತಾರೀಕು ಜ್ವರ ಬಂತು. ಮಾರನೇ ದಿನ ಬೆಳಿಗ್ಗೆ ಎದೆ, ಬೆನ್ನ ಮೇಲೆಲ್ಲ ಕೆಂಪು ದದ್ದು. ಅತ್ತೆ ನೋಡಿ ‘ಅಮ್ಮ ಬಂದವ್ಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿದರು. ಸಂಜೆ ಊರಿನ ಕ್ಲಿನಿಕ್ಕಿನಲ್ಲಿ ವೈರಲ್ ಜ್ವರ ಇರಬೇಕು ಅಂತ ಒಂದು ಆಂಟಿಬಯಾಟಿಕ್ ಸಿರಪ್ ಕೊಟ್ಟರು. ಜ್ವರ, ಕೆಂಪು ದದ್ದು ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ದಡಾರವೇ. ನಾನೂ ಹಾಗೇ ಅಂದುಕೊಂಡೆ. ಅಂದುಕೊಂಡು, ಮೂರು ದಿನವೂ ಬೆಳಿಗ್ಗೆ ರಾತ್ರಿ ತಪ್ಪದೆ ಫಿಟ್ಸ್ ಮಾತ್ರೆಯನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಇಟ್ಟು ತಿನ್ನಿಸಿದೆ. ಅದನ್ನು ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಮಾರ್ಚ್ 1ರ ಬೆಳಿಗ್ಗೆ ಮುಖ ಊದಿ ಕಣ್ಣು ತೆರೆಯಲಾಗದಂತೆ ಆಗಿತ್ತು. ಕತ್ತಿನ ಎರಡೂ ಕಡೆ ನೆಲ್ಲಿಕಾಯಿಯಷ್ಟು ಗಂಟು. ತಿಪಟೂರಿನಿಂದ ಕಾರು ಮಾಡಿಕೊಂಡು ಬೆಂಗಳೂರಿಗೆ ಹೊರಟೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ.

ಅಲ್ಲಿನ ಡಾಕ್ಟರಮ್ಮ ಮೊದಲು ಟಾರ್ಚ್ ಹಿಡಿದು ಬಾಯೊಳಗೆ ನೋಡಿದರು. ರೆಪ್ಪೆ ಬಿಡಿಸಿ ಕಣ್ಣು ನೋಡಿದರು. ಉಚ್ಚೆ ಹೋಗುವಾಗ ಉರಿಯುತ್ತಾ ಎಂದು ಕೇಳಿದರು. ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಒತ್ತಿ ಉಜ್ಜಿದರು. ಬಾಯಿ, ಕಣ್ಣಿನಲ್ಲೆಲ್ಲ ಹುಣ್ಣಾಗಿ ಚರ್ಮ ಸುಲಿದು ಬರುವ ಸ್ಟೀವನ್ಸ್–ಜಾನ್ಸನ್ ಅಲ್ಲವಲ್ಲ ಎಂದು ನೋಡುತ್ತಿದ್ದರಂತೆ. ಆಮೇಲೆ ನನ್ನ ಕಡೆ ತಿರುಗಿ, ‘ಏನೇನು ಔಷಧಿ ಕೊಟ್ಟಿದೀರಮ್ಮಾ?’ ಎಂದರು. ನಾನು ಆಂಟಿಬಯಾಟಿಕ್, ಪ್ಯಾರಾಸಿಟಮಾಲ್ ಅಂದೆ. ‘ಈ ವಾರದ್ದಲ್ಲ. ಎರಡು ತಿಂಗಳಿಂದ ಈಚೆಗೆ ಹೊಸದಾಗಿ ಶುರು ಮಾಡಿದ್ದು ಏನು? ಯಾವತ್ತು?’

ಫಿಟ್ಸ್ ಮಾತ್ರೆ ಎಂದೆ. ದಿನ ನೆನಪಾಗಲಿಲ್ಲ. ಅತ್ತೆಗೆ ಫೋನ್ ಮಾಡಿ ಕ್ಯಾಲೆಂಡರ್ ನೋಡಿಸಿದೆ. ‘ಮೂರನೇ ತಾರೀಕು ಕಣಮ್ಮ, ಹಾಲಿನ ಲೆಕ್ಕದ ಕೆಳಗೆ ಬರ್ದಿದೀಯ.’ ಡಾಕ್ಟರಮ್ಮ ಲೆಕ್ಕ ಹಾಕಿದರು. ಮಾತ್ರೆ ಶುರುವಾಗಿ ಜ್ವರ ಬರುವ ಹೊತ್ತಿಗೆ 23 ದಿನ.

ಔಷಧಿ ಮೈಗೆ ಆಗದೆ ತಡವಾಗಿ ಏಳುವ ಇಂಥ ತೀವ್ರ ಅಲರ್ಜಿಯನ್ನು ‘ಡ್ರೆಸ್’ ಅನ್ನುತ್ತಾರೆ. ಔಷಧಿ ಶುರುವಾದ 2ರಿಂದ 8 ವಾರದೊಳಗೆ ಕಾಣಿಸಿಕೊಳ್ಳುವುದೇ ಹೆಚ್ಚು. ಅಷ್ಟು ದಿನ ಮಾತ್ರೆ ಒಗ್ಗಿತು ಅಂದುಕೊಂಡು ನಾವು ನಿಶ್ಚಿಂತೆಯಿಂದ ಇರುತ್ತೇವೆ. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಏರಿತ್ತು, ಲಿವರಿಗೂ ಪೆಟ್ಟು ಬಿದ್ದಿತ್ತು. ಟೆಸ್ಟ್ ಡೋಸ್ ಕೊಟ್ಟು ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ ಎಂದು ನಮ್ಮ ಮನೆಯವರು ಕೇಳಿದರು. ಇಲ್ಲವಂತೆ, ಟೆಸ್ಟ್ ಡೋಸ್ ನಿಮಿಷಗಳಲ್ಲಿ ಬರುವ ಅಲರ್ಜಿಗೆ, ಇಷ್ಟು ನಿಧಾನದ್ದು ಅದರಲ್ಲಿ ಕಾಣುವುದಿಲ್ಲ. ಆಂಟಿಬಯಾಟಿಕ್‌ನ ಮೊದಲ ಚಮಚ ಕುಡಿಸುವ ಮೊದಲೇ ದದ್ದು ಎದ್ದಿದ್ದರಿಂದ ಅದರದು ತಪ್ಪಿಲ್ಲ ಎಂದೂ ಗೊತ್ತಾಯಿತು. ಆ ತಾರೀಕು ಇಲ್ಲದಿದ್ದರೆ ನಾನು ಸಿರಪ್ಪನ್ನೇ ದೂರಿ, ಮಾತ್ರೆಯನ್ನು ಕೊಡುತ್ತಲೇ ಇರುತ್ತಿದ್ದೆ.

ಮಾತ್ರೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಕೊಟ್ಟರೆ ಲಿವರ್ ಹೋಗಬಹುದು. ನನಗೆ ಅಳು ಬಂತು. ಅವರು ಅಂದೇ ಕಾರ್ಬಮಜೆಪಿನ್ ನಿಲ್ಲಿಸಿ, ಕೂಡಲೇ ಲೆವೆಟಿರಾಸೆಟಮ್ ಅನ್ನುವ ಬೇರೆ ಫಿಟ್ಸ್ ಔಷಧಿ ಶುರು ಮಾಡಿಸಿದರು. ಇನ್ನೊಂದು ಫಿಟ್ಸ್ ಔಷಧಿ ವಾಲ್‌ಪ್ರೋಯೇಟ್ ಕೊಡಬಹುದಾ ಎಂದು ಕಿರಿಯ ಡಾಕ್ಟರು ಕೇಳಿದಾಗ ‘ಲಿವರ್ ಹೀಗಿರೋವಾಗ ಬೇಡ’ ಎಂದರು. ಜೊತೆಗೆ ಸ್ಟೆರಾಯ್ಡ್.

ಹನ್ನೊಂದು ದಿನ ಅಲ್ಲಿದ್ದೆವು. ನಿಜವಾಗಿ ಕಷ್ಟವಾಗಿದ್ದು ಮನೆಗೆ ಬಂದಮೇಲೆ. ಪುಟ್ಟಿ ಚೆನ್ನಾಗಿ ಕಂಡಳೆಂದು ಸ್ಟೆರಾಯ್ಡ್ ಬೇಗ ಇಳಿಸುವಂತಿಲ್ಲ. ಒಮ್ಮೆ ಹೇಳಿದಂತೆಯೇ ಸ್ವಲ್ಪ ಇಳಿಸಿದಾಗಲೂ ದದ್ದು ಮರಳಿತು, ಮತ್ತೆ ಏರಿಸಿ ಇಳಿಸುತ್ತಾ ಬರುವುದಕ್ಕೆ ಮೂರು ತಿಂಗಳಾಯಿತು. ಮುಖ ಗುಂಡಗಾಗಿ, ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದಳು. ಕೆಲವು ತಿಂಗಳ ಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿಸಿದೆವು, ಡ್ರೆಸ್ ವಾಸಿಯಾದಮೇಲೆ ಅದು ಕೆಡುವುದುಂಟಂತೆ. ಸರಿಯಿತ್ತು.

ಬಿಡುಗಡೆಯ ದಿನ ಡಾಕ್ಟರಮ್ಮ ಒಂದು ಕಾರ್ಡ್ ಕೊಟ್ಟರು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟೊಯಿನ್, ಫಿನೋಬಾರ್ಬಿಟೋನ್, ಲ್ಯಾಮೊಟ್ರಿಜಿನ್ ಈ ಐದು ಫಿಟ್ಸ್ ಔಷಧಿ ಕೊಡಬಾರದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಒಂದಕ್ಕೆ ಹೀಗಾದವರಿಗೆ ಉಳಿದವೂ ಆಗದಿರಬಹುದು. ಫಿಟ್ಸ್ ನಿಲ್ಲದಿದ್ದರೆ ಎಮರ್ಜೆನ್ಸಿಯಲ್ಲಿ ಫೆನಿಟೊಯಿನ್ ಇಂಜೆಕ್ಷನ್ನೇ ಕೊಡಬಹುದು, ಅದಕ್ಕೇ ಕಾರ್ಡ್ ಸದಾ ಜೊತೆಗಿರಲಿ ಎಂದರು. ಪುಟ್ಟಿಯ ತಮ್ಮನಿಗೆ ಮುಂದೆ ಇಂಥ ಮಾತ್ರೆ ಬೇಕಾದರೂ ಅಕ್ಕನ ವಿಷಯ ಮೊದಲೇ ಹೇಳಬೇಕಂತೆ.

ಒಂದು ಪ್ರತಿ ಶಾಲೆ ಬ್ಯಾಗಿಗೆ, ಒಂದು ಟೀಚರಿಗೆ, ಒಂದು ನನ್ನ ಪರ್ಸಿಗೆ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ‘ನೀವಿಬ್ರೂ ಇಲ್ದಾಗ ನಾನೇ ಎತ್ಕೊಂಡ್ ಓಡ್ಬೇಕಲ್ಲ, ನಂಗೂ ಒಂದು ಕನ್ನಡದಲ್ಲಿ ಬರ್ಕೊಡಮ್ಮ’ ಎಂದರು. ಐದೂ ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಒಂದೊಂದನ್ನೇ ಗಟ್ಟಿಯಾಗಿ ಓದಿ, ಮಡಚಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡರು.