ಅಫೆಕ್ಟ್ ಸರಿಯೋ, ಎಫೆಕ್ಟ್ ಸರಿಯೋ?

ಎರಡೂ ಸರಿ. ಎರಡೂ ನಿಘಂಟಿನಲ್ಲಿವೆ, ಎರಡೂ ನೂರಾರು ವರ್ಷಗಳಿಂದ ಬಳಕೆಯಲ್ಲಿವೆ. ಬರೀ ಎರಡು ಪದ ಮುಂದಿಟ್ಟು ಯಾವುದು ಕರೆಕ್ಟ್ ಎಂದರೆ ಇದಕ್ಕಿಂತ ಹೆಚ್ಚಿಗೆ ಹೇಳಲು ಬರುವುದಿಲ್ಲ. ಅಡ್ವೈಸ್‌ಗೆ ಸಿ ಬರುತ್ತದಾ, ಎಸ್ ಬರುತ್ತದಾ? ಲೂಸ್‌ಗೆ ಎಷ್ಟು ಓ? ಸ್ಟೇಷನರಿಗೆ ಎ ಹಾಕಬೇಕಾ, ಇ ಹಾಕಬೇಕಾ? ಪ್ರಶ್ನೆ ದಿನವೂ ಬರುತ್ತದೆ, ವಾಕ್ಯ ಮಾತ್ರ ಬರುವುದಿಲ್ಲ. ಬೀಗವನ್ನು ಮನೆಯಲ್ಲೇ ಬಿಟ್ಟು ಬಂದು, ಈ ಎರಡು ಕೀಲಿಕೈಗಳಲ್ಲಿ ಯಾವುದು ಸರಿ ಎಂದು ಕೇಳಿದ ಹಾಗಾಯಿತು ಇದು.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಎ, ಇ, ಐ, ಓ ಎಂದಾಗಲೆಲ್ಲ ಅವು ಇಂಗ್ಲಿಷ್ ಅಕ್ಷರಗಳ ಹೆಸರು, ಕನ್ನಡದ ಸ್ವರಗಳಲ್ಲ. ಅಫೆಕ್ಟ್ ಶುರುವಾಗುವುದು ಎ ಅಕ್ಷರದಿಂದ, ಎಫೆಕ್ಟ್ ಶುರುವಾಗುವುದು ಇ ಅಕ್ಷರದಿಂದ. ಕನ್ನಡದಲ್ಲಿ ಓದಿ ಕಲಿತವರಿಗೆ ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ.

ಈಗ ವಾಕ್ಯ ತನ್ನಿ. 'ಮಳೆಯಿಂದ ಆಟಕ್ಕೆ ತೊಂದರೆಯಾಯಿತು' ಎನ್ನುವಾಗ ಮಳೆ ಆಟಕ್ಕೆ ಏನೋ ಮಾಡುತ್ತಿದೆ. ಮಾಡುವ ಕೆಲಸ ಅಫೆಕ್ಟ್. 'ಆಟದ ಮೇಲೆ ಮಳೆಯ ಪರಿಣಾಮ' ಎನ್ನುವಾಗ ಆ ಪರಿಣಾಮ ಎಫೆಕ್ಟ್. ಅನುಮಾನವಿದ್ದರೆ ಪದಕ್ಕೆ ಮೊದಲು 'ದಿ' ಹಾಕಿ ನೋಡಿ, ಸರಿಯಾಗಿ ಕೂತರೆ ಅದು ಎಫೆಕ್ಟ್. ಎರಡರ ಒಳಗೂ ಇರುವುದು 'ಮಾಡು' ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತು. ಅಫೆಕ್ಟ್‌ನ ತಲೆಯ ಮೇಲಿರುವುದು 'ಕಡೆಗೆ' ಎನ್ನುವ 'ಆಡ್', ಎಫೆಕ್ಟ್‌ನ ತಲೆಯ ಮೇಲಿರುವುದು 'ಹೊರಗೆ' ಎನ್ನುವ 'ಎಕ್ಸ್'. ಒಂದು ಹೋಗಿ ತಟ್ಟುವುದು, ಇನ್ನೊಂದು ಹೊರಗೆ ಬಂದದ್ದು. ಎಫೆಕ್ಟ್ ಕ್ರಿಯಾಪದವಾಗುವುದೂ ಉಂಟು: 'ಎಫೆಕ್ಟ್ ಎ ಚೇಂಜ್' ಎಂದರೆ ಬದಲಾವಣೆಯನ್ನೇ ತರುವುದು. ಅಲ್ಲಿ ಅಫೆಕ್ಟ್ ಬರೆದರೆ, ಆಗಲೇ ನಡೆದಿರುವ ಬದಲಾವಣೆಯ ಮೇಲೆ ಪ್ರಭಾವ ಬೀರುವುದು ಎಂದಾಗುತ್ತದೆ. ಮನಶ್ಶಾಸ್ತ್ರದಲ್ಲಿ ಅಫೆಕ್ಟ್ ನಾಮಪದವೂ ಹೌದು, ಆಗ ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ, ಅರ್ಥ ಹೊರಗೆ ಕಾಣುವ ಭಾವ.

ಇಷ್ಟು ಹೇಳಿದ ಮೇಲೂ 'ಅದೆಲ್ಲ ಬೇಡ, ಒಂದು ಸುಲಭದ ಟ್ರಿಕ್ ಹೇಳಿ' ಎನ್ನುತ್ತಾರೆ. ಟ್ರಿಕ್‌ಗಳ ಮೇಲೆ ನನಗೆ ಸಿಟ್ಟಿದೆ, ಕಾರಣವನ್ನೂ ಹೇಳುತ್ತೇನೆ. ಪ್ರಿನ್ಸಿಪಲ್ ಎಂಬ ಉಚ್ಚಾರದ ಎರಡು ಪದಗಳಿವೆ, ಒಂದರ ತುದಿ ಪಿ-ಎ-ಎಲ್, ಇನ್ನೊಂದರದು ಪಿ-ಎಲ್-ಇ. ಪಿ-ಎ-ಎಲ್ ಎಂದರೆ ಇಂಗ್ಲಿಷಿನಲ್ಲಿ ಗೆಳೆಯ, ಕಾಲೇಜಿನ ಪ್ರಿನ್ಸಿಪಲ್ ನಿಮ್ಮ ಗೆಳೆಯ, ಹಾಗೆ ನೆನಪಿಡಿ ಎಂದು ಎಲ್ಲೆಲ್ಲೂ ಹೇಳಿಕೊಡುತ್ತಾರೆ. ಅದನ್ನು ನಂಬಿಕೊಂಡವರು ಸಾಲದ ಅಸಲಿನ ಬಗ್ಗೆ ಬರೆಯುವಾಗ ಎಡವುತ್ತಾರೆ. ಅಸಲು ಯಾರ ಗೆಳೆಯನೂ ಅಲ್ಲವಲ್ಲ, ಹಾಗಾಗಿ ಪಿ-ಎಲ್-ಇ ಬರೆದುಬಿಡುತ್ತಾರೆ. ತಪ್ಪು. ಅಸಲೂ ಪಿ-ಎ-ಎಲ್, 'ಮುಖ್ಯ ಕಾರಣ' ಎನ್ನುವಲ್ಲಿನ ಮುಖ್ಯವೂ ಪಿ-ಎ-ಎಲ್. ನಿಜಕ್ಕೂ ಗಟ್ಟಿಮಾಡಿಕೊಳ್ಳಬೇಕಾದ್ದು ಅರ್ಥದ ಹರವು ಕಡಿಮೆ ಇರುವ ಪದವನ್ನು. ಪಿ-ಎಲ್-ಇ ಪದಕ್ಕೆ ತತ್ವ, ಮೂಲ ನಿಯಮ ಎಂಬುದರ ಸುತ್ತಲಿನ ಅರ್ಥವಷ್ಟೇ, ಅದು ಯಾವಾಗಲೂ ನಾಮಪದ. ಇದೊಂದು ಮನಸ್ಸಿಗೆ ಹತ್ತಿದರೆ ಮಿಕ್ಕಿದ್ದೆಲ್ಲ ತಾನಾಗಿ ಪಿ-ಎ-ಎಲ್ ಕಡೆಗೆ ಹೋಗುತ್ತದೆ.

ಬೆಲೆ ಮತ್ತು ಬೆಳೆ, ಕಲೆ ಮತ್ತು ಕಳೆ, ಹಲ್ಲಿ ಮತ್ತು ಹಳ್ಳಿ: ಇವನ್ನು ಯಾವ ಟ್ರಿಕ್ ಇಟ್ಟುಕೊಂಡು ಕಲಿತಿರಿ? ಯಾವುದೂ ಇಲ್ಲ. 'ಗೋಡೆಯ ಮೇಲೆ ಹಳ್ಳಿ ಹರಿದಾಡುತ್ತಿದೆ' ಎಂದು ಯಾರಾದರೂ ಬರೆದರೆ ಓದುವಾಗಲೇ ಕಲ್ಲು ಕಚ್ಚಿದಂತಾಗುತ್ತದೆ, ಏಕೆಂದರೆ ಹಲ್ಲಿಯನ್ನು ನಾವು ಪಟ್ಟಿಯಲ್ಲಿ ಕಂಡವರಲ್ಲ, ವಾಕ್ಯದಲ್ಲಿ ಕಂಡವರು. ಇಂಗ್ಲಿಷ್ ಪದಗಳನ್ನು ಮಾತ್ರ ಜೋಡಿ ಜೋಡಿಯಾಗಿ ಪಟ್ಟಿ ಮಾಡಿ ಕಲಿಯುತ್ತೇವೆ. ಪಕ್ಕಪಕ್ಕದಲ್ಲೇ ಕಲಿತದ್ದು ಪಕ್ಕಪಕ್ಕದಲ್ಲೇ ನೆನಪಾಗುತ್ತದೆ, ಬರೆಯುವಾಗ ಎರಡೂ ಒಟ್ಟಿಗೆ ಎದ್ದು ಬರುತ್ತವೆ. ಇವತ್ತು ಒಂದನ್ನು ಮಾತ್ರ ಕಲಿಯಿರಿ, ಅದನ್ನು ನಾಲ್ಕಾರು ವಾಕ್ಯಗಳಲ್ಲಿ ಬಳಸಿ. ಅದು ಕೈಗೆ ಹತ್ತಿದ ಮೇಲೆ ಇನ್ನೊಂದನ್ನು ಮುಟ್ಟಿ.

ಯಾರೂ ಕೇಳದ, ಆದರೆ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆಯದು: ಕನ್ನಡದಲ್ಲಿ ಯೋಚಿಸುವ ನಮಗೆ ಈ ಪದಗಳು ಇಷ್ಟು ಕಾಡುವುದು ಯಾಕೆ?

ಉತ್ತರ 'ಮಾಡು' ಮತ್ತು 'ಆಗು' ಎಂಬ ಎರಡು ಕ್ರಿಯಾಪದಗಳಲ್ಲಿದೆ. ಇಂಗ್ಲಿಷಿನ ಯಾವ ಪದ ಬಂದರೂ ನಾವು ಅದಕ್ಕೆ ಇವುಗಳಲ್ಲಿ ಒಂದನ್ನು ಕಟ್ಟಿ ಕಳಿಸುತ್ತೇವೆ. ಅಡ್ವೈಸ್ ಮಾಡಿದರು, ಪ್ರೂಫ್ ಮಾಡಿ ತೋರಿಸು, ಚಾಯ್ಸ್ ಮಾಡಿಕೋ, ಲಾಸ್ ಆಯ್ತು, ಸಕ್ಸೆಸ್ ಆದ. ಕ್ರಿಯೆಯ ಭಾರವನ್ನೆಲ್ಲ 'ಮಾಡು', 'ಆಗು' ಹೊರುವುದರಿಂದ ಇಂಗ್ಲಿಷ್ ಪದ ನಾಮಪದವೋ ಕ್ರಿಯಾಪದವೋ ಎಂದು ನೋಡುವ ಅಗತ್ಯವೇ ನಮಗೆ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ಆ ಭಾರ ಪದದ ಮೇಲೆಯೇ ಬೀಳುತ್ತದೆ. ಅಲ್ಲಿ ಪ್ರೂಫ್ ನಾಮಪದ, ಕ್ರಿಯಾಪದಕ್ಕೆ ಪ್ರೂವ್. ಚಾಯ್ಸ್ ನಾಮಪದ, ಕ್ರಿಯಾಪದಕ್ಕೆ ಚೂಸ್. ಸಕ್ಸೆಸ್ ನಾಮಪದ, ಕ್ರಿಯಾಪದಕ್ಕೆ ಸಕ್ಸೀಡ್. ಕನ್ನಡದ ಮಾತಿನಿಂದ 'ಮಾಡು', 'ಆಗು' ಕಳಚಿಕೊಂಡು ಬರೀ ಪದವನ್ನು ಇಂಗ್ಲಿಷ್ ವಾಕ್ಯಕ್ಕೆ ಸಾಗಿಸಿದಾಗ ತಪ್ಪಾಗುತ್ತದೆ.

ಅಡ್ವೈಸ್‌ನ ಕಥೆ ಇದೇ. ಸಿ ಇದ್ದರೆ ನಾಮಪದ, ತುದಿಯಲ್ಲಿ 'ಸ್' ಉಚ್ಚಾರ. ಎಸ್ ಇದ್ದರೆ ಕ್ರಿಯಾಪದ, ತುದಿಯಲ್ಲಿ 'ಝ್' ಉಚ್ಚಾರ. 'ಸಲಹೆ ಕೊಟ್ಟರು' ಎನ್ನಲು ಇಂಗ್ಲಿಷ್ ವಾಕ್ಯದಲ್ಲಿ 'ಗೇವ್' ಇದ್ದರೆ ಕ್ರಿಯೆ ಅಲ್ಲಿಗೆ ಮುಗಿಯಿತು, ಮುಂದಿನದು ಸಿ. ಬೇರೆ ಕ್ರಿಯಾಪದವೇ ಇಲ್ಲದಿದ್ದರೆ ಎಸ್. ಸಿ ಇರುವುದಕ್ಕೆ ಬಹುವಚನವಿಲ್ಲ. ಎಷ್ಟು ಸಲಹೆ ಕೊಟ್ಟರೂ ಅದು ಏಕವಚನವೇ. ಸಿ, ಎಸ್ ವಿಷಯದಲ್ಲಿ ಡಿವೈಸ್‌ಗೂ ಇದೇ ಲೆಕ್ಕ, ಅದಕ್ಕೆ ಬಹುವಚನ ಮಾತ್ರ ಉಂಟು. ಪ್ರಾಕ್ಟಿಸ್, ಲೈಸೆನ್ಸ್ ಪದಗಳಲ್ಲಿ ಕಿವಿಗೆ ವ್ಯತ್ಯಾಸ ಕೇಳಿಸದಿದ್ದರೂ ಬ್ರಿಟಿಷ್ ಕಾಗುಣಿತ ಇದೇ ನಿಯಮ ಪಾಲಿಸುತ್ತದೆ. ಅಮೆರಿಕನ್ ಕಾಗುಣಿತದಲ್ಲಿ ಪ್ರಾಕ್ಟಿಸ್‌ಗೆ ಯಾವಾಗಲೂ ಸಿ, ಲೈಸೆನ್ಸ್‌ಗೆ ಯಾವಾಗಲೂ ಎಸ್. ಯಾವುದನ್ನು ಬೇಕಾದರೂ ಹಿಡಿಯಿರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಇಲ್ಲಿ ಶಾಲೆಯ ಕನ್ನಡ ವ್ಯಾಕರಣ ಕೈ ಹಿಡಿಯುತ್ತದೆ. ಅಘೋಷ, ಘೋಷ ಎಂದು ಕಲಿತದ್ದು ನೆನಪಿದೆಯಲ್ಲ? ಇಂಗ್ಲಿಷಿನ ಇಂಥ ಎಷ್ಟೋ ಜೋಡಿಗಳಲ್ಲಿ ನಾಮಪದ ಅಘೋಷದಲ್ಲಿ ಮುಗಿಯುತ್ತದೆ, ಕ್ರಿಯಾಪದ ಘೋಷದಲ್ಲಿ. ಪ್ರೂಫ್ ಮತ್ತು ಪ್ರೂವ್, ಬಿಲೀಫ್ ಮತ್ತು ಬಿಲೀವ್. ಬ್ರೆತ್ ಉಸಿರು, ಕೊನೆಗೆ ಇ ಸೇರಿದ ಬ್ರೀದ್ ಉಸಿರಾಡುವುದು. ಬಾತ್ ಸ್ನಾನ, ಇ ಸೇರಿದ ಬೇದ್ ಸ್ನಾನ ಮಾಡುವುದು. ಲಾಸ್ ನಷ್ಟ, ಲೂಝ್ ಕಳೆದುಕೊಳ್ಳುವುದು. ಬಾಯಲ್ಲಿ ಹೇಳಿಕೊಂಡು ಬರೆದರೆ ಕಿವಿಯೇ ಅರ್ಧ ಕೆಲಸ ಮುಗಿಸುತ್ತದೆ. 'ಸ್', 'ಝ್' ಎರಡನ್ನೂ ನಾವು 'ಸ್' ಎಂದೇ ಉಚ್ಚರಿಸುವ ರೂಢಿಯಿದೆ, ಅದನ್ನು ಮೊದಲು ತಿದ್ದಿಕೊಳ್ಳಬೇಕು.

ಲೂಝ್ ವಿಷಯದಲ್ಲಿ ತಪ್ಪು ಮಾಡುವವರ ಪರವಾಗಿಯೇ ನಾನು ನಿಲ್ಲುತ್ತೇನೆ. ಒಂದು ಓ ಇದ್ದರೆ ಕಳೆದುಕೊಳ್ಳು, ಎರಡು ಓ ಇದ್ದರೆ ಸಡಿಲ. ಚೂಸ್ ಪದವೂ 'ಝ್' ಉಚ್ಚಾರದಲ್ಲೇ ಮುಗಿಯುತ್ತದೆ, ಅದಕ್ಕೆ ಎರಡು ಓ. ಅದನ್ನು ನೋಡಿ ಲೂಝ್‌ಗೂ ಎರಡು ಓ ಹಾಕಿದವರು ತರ್ಕಬದ್ಧವಾಗಿಯೇ ಯೋಚಿಸಿದ್ದಾರೆ, ಕಾಗುಣಿತಕ್ಕೇ ತರ್ಕವಿಲ್ಲ. ಗೂಸ್, ಮೂಸ್, ನೂಸ್ ಎಂಬ 'ಸ್' ಉಚ್ಚಾರದ ಸಾಲಿನಲ್ಲಿ ಲೂಸ್ ಅನ್ನು ಕೂರಿಸಿ. ಅಲ್ಲಿ ಎಲ್ಲಕ್ಕೂ ಎರಡು ಓ.

ಉಳಿದ ಜೋಡಿಗಳು ಬಹುಪಾಲು ಒಂದೇ ಬಳ್ಳಿಯ ಕಾಯಿಗಳು. ಸ್ಟೇಷನರಿಗೆ ಎ ಬಂದರೆ ನಿಂತಲ್ಲೇ ನಿಂತದ್ದು, ಇ ಬಂದರೆ ಕಾಗದ ಪೆನ್ನಿನ ಸಾಮಾನು. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಹಾಕಿ ಪುಸ್ತಕ ಮಾರುವವನು ಸ್ಟೇಷನರ್. ಅವನ ಹೆಸರಿನ ತುದಿಯ ಇ-ಆರ್ ಅವನ ಸಾಮಾನಿಗೂ ಬಂತು. ಕಾಂಪ್ಲಿಮೆಂಟ್‌ನಲ್ಲಿ ಇ ಇದ್ದರೆ ಪೂರ್ಣಗೊಳಿಸುವುದು, ಕಂಪ್ಲೀಟ್‌ನ ಇ ಅದು. ಐ ಇದ್ದರೆ ಮೆಚ್ಚುಗೆ, ಇಟಾಲಿಯನ್ ಫ್ರೆಂಚ್ ದಾಟಿ ಬರುವಾಗ ಸೇರಿಕೊಂಡ ಐ. ಅಡಾಪ್ಟ್ ಎಂದು ನಾವು ಒಂದೇ ರೀತಿ ಬರೆಯುವ ಎರಡರಲ್ಲಿ, ಓ ಇರುವುದು ಆಪ್ಷನ್‌ನ ನೆಂಟ, ಆರಿಸಿ ತನ್ನದಾಗಿಸಿಕೊಳ್ಳುವುದು. ಎ ಇರುವುದು ಹೊಂದಿಕೊಳ್ಳುವುದು. ಡಿಸ್ಕ್ರೀಟ್‌ನಲ್ಲಿ ಎರಡು ಇಗಳ ನಡುವೆ ಟಿ ನಿಂತು ಅವನ್ನು ಬಿಡಿಸಿದ್ದರೆ ಬಿಡಿಬಿಡಿಯಾದದ್ದು, ಇಗಳು ಅಂಟಿಕೊಂಡಿದ್ದರೆ ಗುಟ್ಟು ಕಾಯುವ ಜಾಣತನ.

ಇವ್ಯಾವುದನ್ನೂ ಸ್ಪೆಲ್‌ಚೆಕ್ ಪೂರ್ತಿಯಾಗಿ ಹಿಡಿಯದು, ಎರಡೂ ನಿಘಂಟಿನ ಪದಗಳೇ ಆದ್ದರಿಂದ. ಪದ ಪರಿಚಿತ ಎಂದು ಕಣ್ಣು ಕೂಡ ದಾಟಿಹೋಗುತ್ತದೆ. ಔಷಧಗಳ ಹೆಸರಿನಲ್ಲಿ ಹೀಗೆ ದಾಟಿಹೋದರೆ ಜೀವಕ್ಕೇ ಅಪಾಯ. ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎರಡೂ ನಿತ್ಯಪುಷ್ಪದ ಗಿಡದಿಂದ ಬಂದ ಕ್ಯಾನ್ಸರ್ ಔಷಧಗಳು. ಮೊದಲನೆಯದರ ಪ್ರಮಾಣದಲ್ಲಿ ಎರಡನೆಯದನ್ನು ಕೊಟ್ಟರೆ ರೋಗಿ ಸಾಯಬಹುದು. ಇಂಥ ಹೆಸರುಗಳಲ್ಲಿ ಬೇರೆಯಾಗುವ ಅಕ್ಷರಗಳನ್ನು ಮಾತ್ರ ಕ್ಯಾಪಿಟಲ್‌ನಲ್ಲಿ ಅಚ್ಚುಹಾಕುವ ಕ್ರಮಕ್ಕೆ ಟಾಲ್ ಮ್ಯಾನ್ ಲೆಟರಿಂಗ್ ಎಂದು ಹೆಸರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2001ರಲ್ಲಿ ಔಷಧ ತಯಾರಕರಿಗೆ ಇದನ್ನು ಸೂಚಿಸತೊಡಗಿತು.

ಈ ಕ್ರಮವನ್ನು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ನೂರು ಜೋಡಿಯ ಪಟ್ಟಿ ಬೇಡ, ಒಬ್ಬೊಬ್ಬರೂ ಎಡವುವುದು ಐದಾರು ಜೋಡಿಗಳಲ್ಲಿ ಮಾತ್ರ. ನಿಮ್ಮ ಆ ಐದಾರನ್ನು ಒಂದು ಚೀಟಿಯಲ್ಲಿ ಬರೆಯಿರಿ, ಎಲ್ಲ ಅಕ್ಷರ ಸಣ್ಣದು, ಬೇರೆಯಾಗುವ ಒಂದೇ ಅಕ್ಷರ ದೊಡ್ಡದು. ಪಕ್ಕದಲ್ಲಿ ಅರ್ಥ ಬೇಡ, ನೀವೇ ಕಟ್ಟಿದ ಒಂದು ವಾಕ್ಯ ಇರಲಿ. ಕಂಪ್ಯೂಟರಿನಲ್ಲಿ ಬರೆದು ಮುಗಿಸಿದ ಮೇಲೆ ಕಂಟ್ರೋಲ್ ಎಫ್ ಒತ್ತಿ ಚೀಟಿಯಲ್ಲಿರುವ ಒಂದೊಂದೇ ಪದವನ್ನು ಹುಡುಕಿ. ಜೋಡಿಯ ಎರಡನ್ನೂ ಹುಡುಕಬೇಕು, ತಪ್ಪು ಯಾವ ಕಡೆಗೆ ಆಗಿದೆಯೆಂದು ಮೊದಲೇ ಗೊತ್ತಿರುವುದಿಲ್ಲ. ಸಿಕ್ಕ ಕಡೆಯಲ್ಲೆಲ್ಲ ನಿಂತು, ಆ ವಾಕ್ಯದಲ್ಲಿ ಪದ ಯಾವ ಕೆಲಸ ಮಾಡುತ್ತಿದೆ ಎಂದು ನೋಡಿ. ಒಂದು ಪುಟಕ್ಕೆ ಎರಡು ನಿಮಿಷ ಸಾಕು. ಅಲ್ಲೂ ಬಗೆಹರಿಯದಿದ್ದರೆ ಖಂಡಿತ ನನ್ನನ್ನು ಕೇಳಿ, ಪೂರ್ತಿ ವಾಕ್ಯ ಕಳಿಸಿ.